ಕೊನೆಯ ಬಾರಿ ನಿಮ್ಮನ್ನು ಕಂಡವರು ಯಾರು?

ಕಳೆದ ಆಷಾಢದ ಒಂದು ಬೆಳಗ್ಗೆ ಸಕಲೇಶಪುರದ ಕಡೆಯ ತೋಟದ ಮನೆಯೊಂದರಿಂದ ೫೬ ವರ್ಷದ ಕಾಫಿ ಬೆಳೆಗಾರರೊಬ್ಬರನ್ನು ಜೀಪಿನಲ್ಲಿ ಮಲಗಿಸಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತು ನಿಂತಿತ್ತು. ಪಾರ್ಶ್ವವಾಯುವೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಗಳಿಗೆಯಲ್ಲಿ ನನ್ನ ಕಷಾಯ, ತೈಲಗಳಿಗೆ ಕೆಲಸವಿಲ್ಲವೆಂದು ತಿಳಿಸಿ, ಕೂಡಲೇ ಹಾಸನದ ದೊಡ್ಡ ಆಸ್ಪತ್ರೆಗೆ ಕಳುಹಿಸಿ, ನಾನೂ ಹಿಂದೆಯೇ ಹೋದೆನು. ಅಲ್ಲಿಯ ವೈದ್ಯರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಇವರು ಚೆನ್ನಾಗಿದ್ದುದನ್ನು ಕೊನೆಯ ಬಾರಿ ಕಂಡವರು ಯಾರು? ಎಷ್ಟು ಗಂಟೆಗೆ?"

ಪತ್ನಿ ತೀರಿಕೊಂಡು ಆರು ವರ್ಷವಾಗಿತ್ತು, ಮಗ ಬೆಂಗಳೂರಿನಲ್ಲಿದ್ದ. ಹಿಂದಿನ ದಿನ ಸಂಜೆ ಐದಕ್ಕೆ ತೋಟದ ಆಳು ಕಂಡದ್ದೇ ಕೊನೆ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಅವಧಿಯನ್ನು ರೋಗಿ ಬಿದ್ದಿರುವುದು ಪತ್ತೆಯಾದ ಹೊತ್ತಿನಿಂದ ಎಣಿಸುವುದಿಲ್ಲ. ಚೆನ್ನಾಗಿದ್ದುದನ್ನು ಕೊನೆಯ ಬಾರಿ ಕಂಡ ಹೊತ್ತಿನಿಂದ ಎಣಿಸುತ್ತಾರೆ. ಅವರ ಪಾಲಿಗೆ ಆ ಕಾಲ ಮೀರಿತ್ತು. ಅವರು ಬದುಕುಳಿದರು, ಊರುಗೋಲು ಹಿಡಿದು ನಡೆಯುತ್ತಾರೆ. ಮಾತು ಮಾತ್ರ ಪೂರ್ಣವಾಗಿ ಮರಳಲಿಲ್ಲ.

ಅಂದಿನಿಂದ, ೪೫ ದಾಟಿ ಒಂಟಿಯಾಗಿರುವ ಪ್ರತಿಯೊಬ್ಬ ರೋಗಿಯನ್ನೂ ನಾನು ಇದೇ ಪ್ರಶ್ನೆ ಕೇಳುತ್ತೇನೆ. ಸಕಲೇಶಪುರ, ಆಲೂರು ಭಾಗದಿಂದ ನನ್ನಲ್ಲಿಗೆ ಬರುವವರಲ್ಲಿ ಅಂಥವರು ಹೆಚ್ಚುತ್ತಿದ್ದಾರೆ: ಸಂಗಾತಿಯನ್ನು ಕಳೆದುಕೊಂಡವರು, ಮದುವೆಯಾಗದೆ ಉಳಿದವರು, ಮಕ್ಕಳನ್ನು ನಗರಕ್ಕೆ ಕಳುಹಿಸಿ ತೋಟ ಬಿಡಲಾಗದೆ ನಿಂತವರು. ನಮ್ಮ ಮನೆಗಳು ಬಯಲುಸೀಮೆಯ ಊರುಗಳಂತೆ ಗೋಡೆಗೆ ಗೋಡೆ ತಾಗಿದವುಗಳಲ್ಲ. ಒಂದರಿಂದ ಇನ್ನೊಂದಕ್ಕೆ ತೋಟ, ಗದ್ದೆ, ಹಳ್ಳ ದಾಟಬೇಕು. ಮಳೆ ಹಿಡಿದರೆ ವಿದ್ಯುತ್ ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಕಾಡಾನೆಗಳ ಭಯದಿಂದ ಕತ್ತಲಾದ ಮೇಲೆ ನೆರೆಯವರೂ ಹೊರಡುವುದಿಲ್ಲ. "ಅಣ್ಣನ ಮನೆ ಸೇರಿಕೊಳ್ಳಲೋ, ಇಲ್ಲಿಯೇ ಇರಲೋ, ಡಾಕ್ಟರೇ?" ಎಂದು ಕೇಳುವವರಿಗೆ ನಾನು ಹೇಳುವುದನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ಒಂಟಿಯಾಗಿರುವುದು ರೋಗವಲ್ಲ, ಆದರೆ ಅದರೊಂದಿಗೆ ಬರುವ ಅಭ್ಯಾಸಗಳು ರೋಗ ತರುತ್ತವೆ. ಒಬ್ಬರಿಗಾಗಿ ಒಲೆ ಹಚ್ಚುವುದೇಕೆಂದು ಒಮ್ಮೆ ಮಾಡಿದ ಸಾರನ್ನು ಮೂರು ದಿನ ಉಣ್ಣುತ್ತಾರೆ. ರಕ್ತದೊತ್ತಡದ ಗುಳಿಗೆ ತಪ್ಪಿದರೆ ನೆನಪಿಸುವವರಿಲ್ಲ. ಮಧ್ಯವಯಸ್ಸು ದಾಟಿದಂತೆ ದೇಹದಲ್ಲಿ ವಾತ ಪ್ರಬಲವಾಗುತ್ತದೆ, ವರ್ಷಋತುವಿನಲ್ಲಿ ಅದು ಕೆರಳುತ್ತದೆ, ಜಠರಾಗ್ನಿ ಕುಗ್ಗುತ್ತದೆ ಎಂಬುದು ಆಯುರ್ವೇದದ ಮತ. ಅಂಥ ಕಾಲದಲ್ಲಿ ತಂಗಳು, ನಿದ್ರಾಭಂಗ, ಚಿಂತೆ ಮೂರೂ ಕೂಡಿದರೆ ದೇಹ ತಾಳುವುದು ಕಷ್ಟ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದಕ್ಕೆ ಚರಕಾಚಾರ್ಯರು ಮೊದಲ ಸ್ಥಾನ ಕೊಟ್ಟಿದ್ದಾರೆ. ಆಧುನಿಕ ವೈದ್ಯವೂ ಇತ್ತ ಗಮನ ಹರಿಸಿದೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, ೨೦೨೩ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಪಿಡುಗೆಂದು ಎಚ್ಚರಿಸಿದರು. ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೫ರಲ್ಲಿ ವರದಿ ಮಾಡಿತು.

ಹಾಗೆಂದು ಎಲ್ಲರೂ ಕೂಡಿ ಬಾಳಿರೆಂದು ಉಪದೇಶಿಸಲಾರೆ. ಆಲೂರಿನ ಕಡೆಯ ತಾಯಿಯೊಬ್ಬರು, ೫೦ರ ಪ್ರಾಯದವರು, ಪತಿ ತೀರಿದ ಮೇಲೆ ಬಂಧುಗಳ ಮನೆ ಸೇರಿದರು. ಎರಡು ವರ್ಷದಲ್ಲಿ ರಕ್ತದೊತ್ತಡ ಏರಿತು, ನಿದ್ರೆ ಹೋಯಿತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಇಡೀ ಮನೆಯ ಅಡುಗೆ ಅವರದು, ಮಲಗುವುದು ಉಗ್ರಾಣದಲ್ಲಿ, ಪತಿಯಿಂದ ಬಂದ ಎರಡು ಎಕರೆ ತೋಟವನ್ನು ಬರೆದುಕೊಡಬೇಕೆಂಬ ಒತ್ತಾಯ ಬೇರೆ. ಎಂಟು ಜನರ ನಡುವೆ ಅವರನ್ನು "ಊಟವಾಯಿತೇ?" ಎಂದು ಕೇಳುವವರಿರಲಿಲ್ಲ. ಅವರೂ ಒಂಟಿಯೇ. ಮರಳಿ ತಮ್ಮ ಮನೆಗೆ ಹೋದ ಮೇಲೆಯೇ ಅವರಿಗೆ ನಿದ್ರೆ ಬಂದದ್ದು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಒಂದೇ ಸೂರೋ, ಬೇರೆ ಸೂರೋ ಎಂಬುದಕ್ಕಿಂತ, ದಿನಕ್ಕೊಮ್ಮೆ ನಮ್ಮನ್ನು ಕಂಡು ವಿಚಾರಿಸುವವರು ಇದ್ದಾರೆಯೇ ಎಂಬುದು ಮುಖ್ಯ. ಕೂಡಿ ಬಾಳಲು ಹೊರಡುವವರು ಮೂರು ವಿಷಯ ನೋಡಿಕೊಳ್ಳಲಿ: ತಮ್ಮದೆಂಬ ಒಂದು ಕೋಣೆ, ತಮ್ಮ ಕೈಯಲ್ಲಿ ತಮ್ಮ ಹಣ, ತಮ್ಮ ಶಕ್ತಿಗೆ ತಕ್ಕಷ್ಟೇ ಮನೆಗೆಲಸ. ಆಸ್ತಿಯನ್ನು ಆಸರೆಯ ಬೆಲೆಯಾಗಿ ಬರೆದುಕೊಡಬಾರದು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಮಗೂ ಅನ್ವಯಿಸುತ್ತದೆ. ಪತಿಯಿಂದ ವಾರಸಾಗಿ ಬಂದ ಆಸ್ತಿಗೆ ಪತ್ನಿಯೇ ಪೂರ್ಣ ಒಡತಿ. ಮನೆ ಮಾರುವ ಮೊದಲು ಒಂದು ಮಳೆಗಾಲ ಕೂಡಿ ಇದ್ದು ನೋಡಿರಿ. ಜ್ಯೇಷ್ಠದಿಂದ ಭಾದ್ರಪದದವರೆಗೆ ಒಂದೇ ಸೂರಿನಡಿ ಇದ್ದವರಿಗೆ ಪರಸ್ಪರರ ಗುಣ ತಿಳಿಯುತ್ತದೆ. ಬಾಗಿಲು ಬೇರೆಯಿದ್ದು ಒಂದು ಹೊತ್ತಿನ ಊಟ ಒಟ್ಟಿಗೆ ಆಗುವ ಏರ್ಪಾಡು, ನಾನು ಕಂಡಂತೆ, ಹೆಚ್ಚು ಕಾಲ ಬಾಳುತ್ತದೆ. ಸಹಪಂಕ್ತಿಯ ದಾಸೋಹದಲ್ಲಿ ಕುಳಿತು ಉಂಡವರಿಗೆ ಇದರ ಸುಖವನ್ನು ವಿವರಿಸಬೇಕಾಗಿಲ್ಲ.

ಒಂಟಿಯಾಗಿಯೇ ಇರುವೆನೆನ್ನುವವರೂ ಕೆಲವು ಕ್ರಮಗಳನ್ನು ಪಾಲಿಸಲಿ. ನಿತ್ಯ ಬೆಳಗ್ಗೆ ಮತ್ತು ರಾತ್ರಿ ನಿಗದಿತ ಹೊತ್ತಿಗೆ ಒಬ್ಬರೊಡನೆ ಮಾತನಾಡಿರಿ. ಕರೆ ಬಾರದಿದ್ದರೆ ಅವರು ಆಳನ್ನು ಕಳುಹಿಸಲಿ. ಮನೆಯ ಇನ್ನೊಂದು ಬೀಗದ ಕೈ ನೆರೆಯವರಲ್ಲಿರಲಿ. ಸೇವಿಸುವ ಔಷಧಗಳ ಹೆಸರನ್ನು ಬರೆದು ಗೋಡೆಗೆ ಅಂಟಿಸಿರಿ. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ಹಚ್ಚುತ್ತ ಕೂರದೆ ೧೦೮ಕ್ಕೆ ಕರೆ ಮಾಡಿರಿ. ಅಡುಗೆಯನ್ನು ದಿನವೂ ಬಿಸಿಯಾಗಿ ಮಾಡಿಕೊಳ್ಳಿರಿ, ಗಂಜಿಯಾದರೂ ಸರಿ.

ಈ ನಿರ್ಧಾರ ೫೦ರ ಆಸುಪಾಸಿನಲ್ಲಿ ಆಗಬೇಕು. ಆಗ ಆರಿಸಿಕೊಳ್ಳುವ ಶಕ್ತಿ ನಮ್ಮಲ್ಲಿರುತ್ತದೆ. ೭೫ರಲ್ಲಿ ಹಾಸಿಗೆ ಹಿಡಿದವರ ಪರವಾಗಿ ಉಳಿದವರು ನಿರ್ಧರಿಸುತ್ತಾರೆ.

ಪತ್ನಿಯನ್ನು ಕಳೆದುಕೊಂಡ ನಾನೂ ಒಂಟಿಯೇ. ಇದನ್ನೆಲ್ಲ ರೋಗಿಗಳಿಗೆ ಹೇಳುತ್ತಿದ್ದವನು, ಆ ಆಷಾಢದವರೆಗೆ ನನ್ನ ಮನೆಯ ಬೀಗದ ಕೈಯನ್ನು ಯಾರಿಗೂ ಕೊಟ್ಟಿರಲಿಲ್ಲ. ಈಗ ಅದು ಪಕ್ಕದ ಮನೆಯಲ್ಲಿದೆ. ಬೆಳಗ್ಗೆ ಆರಕ್ಕೆ ಹಳೆಯ ಸಹಪಾಠಿಯೊಬ್ಬರು ಕರೆ ಮಾಡುತ್ತಾರೆ. ಮಾತನಾಡಲು ವಿಷಯವಿಲ್ಲದ ದಿನ ಮಳೆಯ ಸುದ್ದಿ ಹೇಳಿ ಫೋನು ಇಡುತ್ತೇವೆ.