ಆರು ನಿಮಿಷದ ಅವಸರ

ಶನಿವಾರ ಮಧ್ಯಾಹ್ನ ಕೊನೆಯ ಲ್ಯಾಬ್ ಮುಗಿದ ಮೇಲೆ ನಮ್ಮ ಬೈಕ್ ಪಾರ್ಕಿಂಗ್ ಕಡೆ ಒಮ್ಮೆ ನಿಂತು ನೋಡಿ. ಒಬ್ಬ ರಾಯಬಾಗಕ್ಕೆ, ಒಬ್ಬ ಅಥಣಿಗೆ, ಇನ್ನೊಬ್ಬ ಕಾಗವಾಡಕ್ಕೆ ಹೊರಟಿರ್ತಾನೆ. “ಎಷ್ಟೊತ್ತಿನ್ಯಾಗ ಮುಟ್ಟತೀಲೇ?” ಅಂತ ಕೇಳ್ತೀವಿ. ಸೋಮವಾರ ಬಂದವನು ಮೊದಲು ಹೇಳೋದೂ ಅದನ್ನೇ: “ಮೊನ್ನೆ ಅರ್ಧ ತಾಸಿನ್ಯಾಗ ಮುಟ್ಟಿದ್ನಿ ನೋಡು.” ನಾವು ಬಾಯಿ ತೆರೆದು ಕೇಳ್ತೀವಿ. ಹಾಗಾಗಿ ಇದು ಯಾರಿಗೋ ಹೇಳುವ ಬುದ್ಧಿಮಾತಲ್ಲ. ಆ ಸಾಲಿನಲ್ಲಿ ನಿಂತವರೇ ಬರೆಯುತ್ತಿದ್ದೇವೆ.

ಮೊದಲು ಸಣ್ಣ ಲೆಕ್ಕ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಸುಮಾರು 25 ಕಿ.ಮೀ. ಗಂಟೆಗೆ 60ರಲ್ಲಿ ಹೋದರೆ 25 ನಿಮಿಷ, 80ರಲ್ಲಿ ಹೋದರೆ ಹತ್ತಿರಹತ್ತಿರ 19. ಉಳಿದದ್ದು ಆರು ನಿಮಿಷ. ಅದೂ ದಾರಿಯಲ್ಲಿ ಎಲ್ಲೂ ಬ್ರೇಕ್ ಹಿಡಿಯದೇ ಹೋದರೆ. ನಿಪ್ಪಾಣಿ ಸ್ಟ್ಯಾಂಡಿನ ಹತ್ತಿರ ಒಂದು ಚಹಾಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಕೂಡ್ತೀವಿ.

ಈ ಆರು ನಿಮಿಷಕ್ಕೆ ನಾವು ಕೊಡೋದೇನು? ಎದುರಿಗೆ ಏನೋ ಕಂಡು ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್, ಒಣ ಡಾಂಬರಿನ ಘರ್ಷಣೆ ಗುಣಾಂಕ 0.7 ಅಂತ ಇಟ್ಟುಕೊಳ್ಳಿ. 60ರಲ್ಲಿ ಬರುವ ಗಾಡಿ 45 ಮೀಟರಿಗೆ ನಿಲ್ಲುತ್ತದೆ. 80ರಲ್ಲಿ ಬರುವ ಗಾಡಿಗೆ 69 ಮೀಟರ್ ಬೇಕು. ಇಷ್ಟೇ ಅಲ್ಲ. ಮೊದಲ ಗಾಡಿ ಪೂರ್ತಿ ನಿಂತ ಆ 45ನೇ ಮೀಟರಿನಲ್ಲಿ ಎರಡನೆಯದು ಇನ್ನೂ 65ರ ವೇಗದಲ್ಲಿರುತ್ತದೆ. ಬೇಕಾದರೆ ನೀವೇ ಮಾಡಿ ನೋಡಿ, ಪಿಯುಸಿಯ ಎರಡು ಸೂತ್ರ ಸಾಕು. “20 ಅಷ್ಟೇ ಜಾಸ್ತಿ ಇತ್ತು” ಅನ್ನೋ ಮಾತಿನ ಅರ್ಥ ಇದು.

ಈಗ ಕಬ್ಬಿನ ಸೀಸನ್ ನೆನಪು ಮಾಡಿಕೊಳ್ಳಿ. ಉಗಾರ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಎಲ್ಲ ಕಡೆ ಕಾರ್ಖಾನೆ ಶುರುವಾದರೆ ರಾತ್ರಿಯಿಡೀ ಟ್ರ್ಯಾಕ್ಟರ್ ಓಡ್ತಾವೆ. ಹಿಂದೆ ಎರಡು ಟ್ರೇಲರ್, ಹೊರಗೆ ಚಾಚಿದ ಕಬ್ಬು. ಹಿಂದಿನ ಲೈಟು ಹಲವಕ್ಕೆ ಇರೋದಿಲ್ಲ. ಟಯರ್ ಪಂಕ್ಚರ್ ಆದರೆ ರಸ್ತೆ ಮೇಲೇ ನಿಂತುಬಿಡ್ತದೆ. ನಮ್ಮ ಬೈಕಿನ ಡಿಮ್ ಲೈಟಿನಲ್ಲಿ ಅದು ಕಾಣೋದು ಹೆಚ್ಚುಕಡಿಮೆ ಆ 45 ಮೀಟರಿಗೇ. ಎದುರಿಂದ ಲೈಟು ಬಡಿದರೆ ಅಷ್ಟೂ ಕಾಣೋದಿಲ್ಲ.

ಇದೆಲ್ಲ ಗೊತ್ತಿದ್ದರೂ ವೇಗ ಯಾಕೆ? “ಇವತ್ತಿನ ಹುಡುಗರಿಗೆ ಸೊಕ್ಕು” ಅಂದುಬಿಡೋದು ಸುಲಭ. ಆದರೆ ಸೊಕ್ಕಿಲ್ಲದವರೂ ಓಡಿಸ್ತಾರೆ. ಸೀಟಿನ ಲೆಕ್ಕದ ಗಾಡಿಯವನಿಗೆ ಬಸ್ಸಿಗಿಂತ ಮೊದಲು ಮುಂದಿನ ಸ್ಟಾಪ್ ಮುಟ್ಟಿದರೆ ಮಾತ್ರ ಗಿರಾಕಿ. ಕಬ್ಬಿನ ಟ್ರ್ಯಾಕ್ಟರಿನವನಿಗೆ ಹಣ ಸಿಗೋದು ಟನ್ನಿನ ಮೇಲೆ. ಕಾರ್ಖಾನೆ ಮುಂದೆ ಪಾಳಿಯಲ್ಲಿ ಕಳೆದ ತಾಸುಗಳನ್ನು ಅವನು ರಸ್ತೆ ಮೇಲೆ ದುಡಿದುಕೊಳ್ಳಬೇಕು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಒಂದು ತಾಸು 100ರಲ್ಲಿ ಬಂದವನಿಗೆ ನಿಪ್ಪಾಣಿ ಊರೊಳಗಿನ 60 ಕೂಡ ಆಮೆ ನಡಿಗೆ ಅನ್ನಿಸುತ್ತದೆ. ಕಣ್ಣು ಆ ವೇಗಕ್ಕೆ ಒಗ್ಗಿಹೋಗಿರುತ್ತದೆ. ನಮಗೋ ಗೆಳೆಯರ ಮುಂದೆ ಮರ್ಯಾದೆ. ಮೇಲೆ ಮನೆಯಿಂದ ಫೋನು: “ಎಲ್ಲಿದ್ದಿ? ಇನ್ನೂ ಬರಲಿಲ್ಲಲ್ಲ?”

ಎಲ್ಲಕ್ಕಿಂತ ದೊಡ್ಡ ಕಾರಣ, ನಿನ್ನೆ ಹೀಗೇ ಬಂದಿದ್ದೆವು, ಏನೂ ಆಗಲಿಲ್ಲ. ಯಾರೂ ಹಿಡಿಯಲೂ ಇಲ್ಲ. ಪ್ರತಿ ಸಲ ಸುಖವಾಗಿ ಮುಟ್ಟಿದಾಗ ರಸ್ತೆ ನಮಗೆ ತಪ್ಪು ಪಾಠ ಕಲಿಸುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 71ರಷ್ಟು ಸಾವು ಅತಿವೇಗದಿಂದ. ಅವರಲ್ಲಿ ಬಹಳ ಜನ ಹಿಂದಿನ ದಿನವೂ ಹಾಗೇ ಓಡಿಸಿ ಸುಖವಾಗಿ ಮನೆ ಮುಟ್ಟಿದವರೇ ಇರಬೇಕು.

ಹಾಗಾದರೆ “ನಿಧಾನವಾಗಿ ಚಲಿಸಿ” ಅನ್ನೋ ಬೋರ್ಡಿನಿಂದ ಏನಾಗ್ತದೆ? ಏನೂ ಆಗೋದಿಲ್ಲ. 2019ರ ತಿದ್ದುಪಡಿಯ ನಂತರ ಹಗುರ ವಾಹನದ ಅತಿವೇಗಕ್ಕೆ ಕಾಯ್ದೆಯಲ್ಲಿ 1000ದಿಂದ 2000 ರೂಪಾಯಿ ದಂಡವಿದೆ. ದಂಡ ದೊಡ್ಡದಿದ್ದರೂ ಸಿಕ್ಕಿಬೀಳೋದೇ ಇಲ್ಲ ಅಂದ್ರೆ ಯಾರೂ ಹೆದರೋದಿಲ್ಲ. ಸಣ್ಣ ದಂಡವಾದರೂ ಪ್ರತಿ ಸಲ ಬಿದ್ದರೆ ಹೆದರ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿ ನೋಡಿ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು, ವೇಗ ಅಳೆಯುವ ಕ್ಯಾಮೆರಾ ಕೂಡಿಸಿದರು. ಮರುವರ್ಷ ಸಾವು ಬಹಳ ಇಳಿಯಿತು. ನಮ್ಮ ಸ್ತವನಿಧಿ ಘಾಟಿನ ಇಳಿಜಾರಿಗೂ, ಅಥಣಿ–ಕಾಗವಾಡ–ಮಿರಜ ರಸ್ತೆಗೂ ಅಂಥದ್ದೇ ಕಣ್ಣು ಬೇಕು. ಒಂದೇ ಜಾಗದ ಕ್ಯಾಮೆರಾ ಆದರೆ ಅಲ್ಲಿ ಮಾತ್ರ ಬ್ರೇಕ್ ಹಿಡಿದು ಮುಂದೆ ಮತ್ತೆ ಓಡಿಸ್ತೀವಿ. ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗ ಹಿಡಿದರೆ ಆ ಆಟ ನಡೆಯೋದಿಲ್ಲ.

ಹಂಪಿನ ವಿಷಯದಲ್ಲಿ ಸಿವಿಲ್ ಬ್ರಾಂಚಿನ ಗೆಳೆಯರಿಗೆ ಕೆಲಸವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಗಾಡಿ 25ರ ಆಸುಪಾಸಿನಲ್ಲಿ ಮೆಲ್ಲಗೆ ದಾಟಲಿ ಅಂತ ಆ ಅಳತೆ. ನಮ್ಮೂರಲ್ಲಿ ಒಂದು ಅಪಘಾತ ಆದ ಮರುದಿನ ಜನ ಸಿಟ್ಟಿನಲ್ಲಿ ಹಾಕೋದು ಬಣ್ಣವಿಲ್ಲದ ಮಣ್ಣಿನ ಗುಡ್ಡೆ. ರಾತ್ರಿ ಅದೇ ಇನ್ನೊಬ್ಬನನ್ನು ಕೆಡವುತ್ತದೆ. ಒಂದು ಟೇಪು ಹಿಡಿದು ನಮ್ಮ ಕಾಲೇಜಿನ ಗೇಟಿನಿಂದ ಎರಡು ಕಿ.ಮೀ. ತನಕ ಎಲ್ಲ ಹಂಪು ಅಳೆಯೋಣ. ತಪ್ಪಿದ್ದಲ್ಲಿ ಅಳತೆ ಸಮೇತ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡೋಣ. ಸೀಸನ್ ಶುರುವಾಗೋ ಮೊದಲು ಟ್ರೇಲರುಗಳಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸೋಕೆ ಒಂದು ಭಾನುವಾರ ಸಾಕು.

ಇನ್ನು ನಮ್ಮ ಕೈಯಲ್ಲೇ ಇರೋದು. ಮನೆಗೆ ಹೇಳುವಾಗ ಅರ್ಧ ತಾಸು ಹೆಚ್ಚೇ ಹೇಳೋಣ: “ಅವ್ವಾ, ಎಂಟಾಗತೈತಿ, ದಾರಿ ನೋಡಬ್ಯಾಡ.” ಸೋಮವಾರ ಗೆಳೆಯ ಅರ್ಧ ತಾಸಿನ ಕಥೆ ತೆಗೆದರೆ ಬಾಯಿ ತೆರೆಯೋದು ಬೇಡ, ಆ 45ನೇ ಮೀಟರಿನ ಲೆಕ್ಕ ಹೇಳೋಣ. ಹಿಂದಿನ ಸೀಟಿನಲ್ಲಿ ಕೂತವರಿಗೂ ಒಂದು ಮಾತು. ಅಂಕಲಿ–ಮಾಂಜರಿ ಸೇತುವೆ ಮೇಲೆ ಮುಳ್ಳು 90 ದಾಟಿದಾಗ ನಾವೆಲ್ಲ ಹೆದರಿದ್ದೇವೆ, ಆದರೆ ಅಂಜುಬುರುಕ ಅಂತಾರೆ ಅಂತ ಸುಮ್ಮನಿದ್ದೇವೆ. ಇನ್ನು ಮೇಲೆ ಸುಮ್ಮನಿರೋದು ಬೇಡ. ಭುಜದ ಮೇಲೆ ಕೈಯಿಟ್ಟು ಹೇಳಿ: “ಸಾವಕಾಶ ನಡಿಲೇ, ಆರು ನಿಮಿಷ ತಡಾ ಆದ್ರ ಆಗಲಿ.”