ಕೂಗು ನಮ್ಮದು, ಕುರ್ಚಿ ಯಾರದು?

ನಾಗಪುರದ ಲಕ್ಷ್ಮೀ ನಗರದಲ್ಲಿದ್ದೂ ಬೆಂಗಳೂರು ಎಫ್‌ಸಿಗಾಗಿ ಜಗಳವಾಡುವ ಕನ್ನಡಿಗರಿಗೆ ಒಂದು ಮಾತು. ‘ದುಡ್ಡು ಜೆಎಸ್‌ಡಬ್ಲ್ಯೂದು, ತೀರ್ಮಾನವೂ ಅವರದೇ’ ಎನ್ನುತ್ತೀರಿ. ಸರಿ, 2013ರಲ್ಲಿ ಕ್ಲಬ್ ಕಟ್ಟಿದ್ದು ಅವರೇ. ಆದರೆ ಕಂಠೀರವದಲ್ಲಿ ಗಂಟಲು ಹರಿದುಕೊಂಡವರು ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು. 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ಕ್ಲಬ್ಬು ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. ಅಭಿಮಾನಿಗೆ ಸಿಕ್ಕಿದ್ದು ಪ್ರಕಟಣೆ ಮಾತ್ರ.

ಜರ್ಮನಿಯ 50+1 ನಿಯಮದಂತೆ ಬಹುಪಾಲು ಕ್ಲಬ್ಬುಗಳಲ್ಲಿ ಹೆಚ್ಚಿನ ಓಟು ಸದಸ್ಯರದು. ನಮಗೆ ಅಷ್ಟು ಬೇಡ. ಆಡಳಿತ ಮಂಡಳಿಯಲ್ಲಿ, ಅಭಿಮಾನಿಗಳೇ ಆರಿಸಿದ ಒಬ್ಬರಿಗೆ ಒಂದು ಕುರ್ಚಿ ಸಾಕು. ಮಾಲೀಕರು ಒಳ್ಳೆಯವರೋ ಕೆಟ್ಟವರೋ ಎಂಬ ವಾದ ಬಿಡಿ. ಒಳ್ಳೆಯವರಾದರೆ ಆ ಕುರ್ಚಿ ಕೊಡಲು ಅವರಿಗೇನು ಅಂಜಿಕೆ?