ಊಟದ ಹೊತ್ತಿನ ಮೌನ

ಮೌನವೆಂದರೆ ಬಾಯಿ ಮುಚ್ಚಿಕೊಂಡಿರುವುದೆಂದು ಮೂವತ್ತು ವರ್ಷ ತರಗತಿಯಲ್ಲಿ ಬೆತ್ತ ಹಿಡಿದು ಬೋಧಿಸಿದವನು ನಾನು. ಭಗವದ್ಗೀತೆಯ 17ನೆಯ ಅಧ್ಯಾಯವಾದರೋ ಮೌನವನ್ನು ವಾಕ್ತಪಸ್ಸಿನಲ್ಲಿ ಸೇರಿಸದೆ ಮಾನಸ ತಪಸ್ಸಿನಲ್ಲಿ ಎಣಿಸಿದೆ. ಈ ಭೇದವನ್ನು ಹುಡುಗರಿಗೆ ಎಷ್ಟೋ ಸಲ ವಿವರಿಸಿದ್ದೆನಾದರೂ ಅದರ ಅರ್ಥ ನನಗೆ ಆದದ್ದು ಈಚೆಗೆ. ಅದೂ ಒಂದು ಕ್ರೈಸ್ತ ಗ್ರಂಥದಿಂದ.

ಮೈಸೂರು ರಸ್ತೆಯಲ್ಲಿ, ಕೆಂಗೇರಿಯಾಚೆ ಕುಂಬಳಗೋಡಿನಲ್ಲಿ ಆಶೀರ್ವನವೆಂಬ ಮಠವಿದೆ. ಅಲ್ಲಿಯ ಸಂನ್ಯಾಸಿಗಳು 6ನೆಯ ಶತಮಾನದ ಇಟಲಿಯ ಸಂತ ಬೆನೆಡಿಕ್ಟರ ಪಂಥದವರು. ಇದೇ ಪಂಥದ ಬೀಡ್ ಗ್ರಿಫಿತ್ಸರು 1955ರಲ್ಲಿ ಇಂಗ್ಲೆಂಡಿನಿಂದ ಬಂದು ಮೊದಲು ನೆಲೆಸಿದ್ದೂ ಕೆಂಗೇರಿಯಲ್ಲಿಯೇ. 1958ರಲ್ಲಿ ಅವರು ಕೇರಳಕ್ಕೆ ಹೋದರು. ಬೆನೆಡಿಕ್ಟರು ಬರೆದಿಟ್ಟ 73 ಅಧ್ಯಾಯಗಳ ನಿಯಮಗ್ರಂಥವನ್ನು ಹೊರಮಾವಿನಲ್ಲಿ ನಮ್ಮ ನೆರೆಯವರಾದ ಕ್ರೈಸ್ತ ಮಿತ್ರರು ಓದಲು ಕೊಟ್ಟರು. ಅದರ ಮೊದಲನೆಯ ಪದವೇ 'ಆಲಿಸು' ಎಂಬುದು. ದೇವರ ಮಾತನ್ನು ಆಲಿಸಬೇಕಾದವನು ತನ್ನ ಮಾತನ್ನು ನಿಲ್ಲಿಸಬೇಕಷ್ಟೆ. ರಾತ್ರಿಯ ಕಡೆಯ ಪ್ರಾರ್ಥನೆಯಾದ ಮೇಲೆ ಅಲ್ಲಿ ಯಾರೂ ಮಾತನಾಡತಕ್ಕದ್ದಲ್ಲ. ಮುಂದೆ 12ನೆಯ ಶತಮಾನದಲ್ಲಿ ಬೇರೊಂದು ಪಂಥದ ಗೀಗೊ ಎಂಬ ಸಂನ್ಯಾಸಿ ಪಠನ, ಮನನ, ಪ್ರಾರ್ಥನೆ, ಧ್ಯಾನವೆಂದು ನಾಲ್ಕು ಮೆಟ್ಟಿಲುಗಳನ್ನು ಹೇಳಿದನು. ಶ್ರವಣ ಮನನ ನಿದಿಧ್ಯಾಸನಗಳನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಆದರೆ ನಡುವೆ ಪ್ರಾರ್ಥನೆಯನ್ನಿಟ್ಟಿರುವುದು ಗಮನಾರ್ಹ. ಸ್ವಬುದ್ಧಿಯೊಂದರಿಂದಲೇ ಮೇಲೇರಲಾಗದೆಂದು ಅವರ ಭಾವ.

ನನ್ನನ್ನು ತಡೆದು ನಿಲ್ಲಿಸಿದ್ದು ಬೆನೆಡಿಕ್ಟರ 38ನೆಯ ಅಧ್ಯಾಯ. ಊಟದ ಹೊತ್ತಿನಲ್ಲಿ ಒಬ್ಬನು ಗ್ರಂಥವನ್ನು ಓದಬೇಕು, ಉಳಿದವರು ಮೌನವಾಗಿ ಉಣ್ಣಬೇಕು. ಹಾಗಾದರೆ ಬೇಕಾದುದನ್ನು ಬೇಡುವುದು ಹೇಗೆ? ಬೇಡುವ ಸಂದರ್ಭವೇ ಬಾರದಂತೆ ಪ್ರತಿಯೊಬ್ಬನೂ ಪಕ್ಕದವನಿಗೆ ಬೇಕಾದುದನ್ನು ತಾನಾಗಿ ಒದಗಿಸತಕ್ಕದ್ದೆಂದು ವಿಧಿ.

ನಮ್ಮ ಮನೆಯಲ್ಲಿಯೂ ಆಗ ಮೌನದ ಊಟವೇ ನಡೆಯುತ್ತಿದ್ದಿತು. ನಿವೇಶನವೊಂದನ್ನು ಮಾರುವ ವಿಷಯದಲ್ಲಿ ನನಗೂ ಮಗನಿಗೂ ಮನಸ್ತಾಪವಾಗಿ ನಾಲ್ಕು ತಿಂಗಳು ಕಳೆದಿದ್ದುವು. ಬಂದವರೊಡನೆ ನಾನು ಅದನ್ನು ಮೌನವ್ರತವೆಂದು ಹೇಳಿಕೊಳ್ಳುತ್ತಿದ್ದೆ! ಬಾಯಿ ಮುಚ್ಚಿದ್ದಿತು, ನಿಜ. ಒಳಗೆ ವಾದ ಪ್ರತಿವಾದಗಳು ಎಡೆಬಿಡದೆ ನಡೆಯುತ್ತಿದ್ದುವು. ಮಗನ ತಟ್ಟೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಆ ನಾಲ್ಕು ತಿಂಗಳಲ್ಲಿ ಒಂದು ದಿನವೂ ನಾನು ನೋಡಿರಲಿಲ್ಲ.

ಆ ರಾತ್ರಿ ನೋಡಿದೆ. ಸಾರನ್ನ ಮುಗಿದಿದ್ದಿತು, ಮಜ್ಜಿಗೆಯ ಪಾತ್ರೆ ನನ್ನ ಬಳಿಯಲ್ಲಿದ್ದಿತು. ಸೊಸೆಯನ್ನು ಕೂಗದೆ ನಾನೇ ಬಗ್ಗಿ ಬಡಿಸಿದೆ. ಅವನು ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದು, "ಸಾಕಪ್ಪ" ಎಂದನು.

ನಿವೇಶನದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.